ಎರಡು ದಿನ, ಎಂಟು ಊರು, ಇಬ್ಬರು ಮಕ್ಕಳು: ಲಕ್ಕುಂಡಿ ಕಡೆಯ ಪ್ರವಾಸ ಹೇಗೆ ಹೊಂದಿಸಬೇಕು?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮಗಳಿಗೆ 10 ವರ್ಷ, ಮಗನಿಗೆ 5. ಕಳೆದ ವರ್ಷ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ನೋಡಲು ಹೋಗಿದ್ದೆವು. ಪಟ್ಟದಕಲ್ಲಿಗೆ ಬರುವಷ್ಟರಲ್ಲಿ ಮಗ ಅಳಲು ಶುರು ಮಾಡಿದ, ಐಹೊಳೆಯಲ್ಲಿ ಮಗಳು ಕಾರಿನಿಂದ ಇಳಿಯಲೇ ಇಲ್ಲ. ಈ ಡಿಸೆಂಬರಿನಲ್ಲಿ ಒಂದು ಶನಿವಾರ-ಭಾನುವಾರ ನಮ್ಮ ಕಾರಿನಲ್ಲೇ ಗದಗ, ಲಕ್ಕುಂಡಿ, ಡಂಬಳ, ಮಾಗಡಿ ಕೆರೆ, ಲಕ್ಷ್ಮೇಶ್ವರ, ಬಂಕಾಪುರ, ಹಾನಗಲ್ಲ, ಬಾಡ ನೋಡಿಕೊಂಡು ಬರಬೇಕೆಂದಿದ್ದೇವೆ. ಮೊಣಕಾಲು ನೋವಿರುವ ಅತ್ತೆಯವರೂ ಜೊತೆಗಿರುತ್ತಾರೆ. ಮಗಳಿಗೆ ಗಣಿತ ಅಂದರೆ ಇಷ್ಟ, ಮಗನಿಗೆ ಪ್ರಾಣಿ-ಪಕ್ಷಿ. ಮಕ್ಕಳಿಗೆ ಬೇಸರ ಆಗದಂತೆ ಇದನ್ನು ಹೇಗೆ ಹೊಂದಿಸಬೇಕು?

ಉತ್ತರ: ಮೊದಲು ಪಟ್ಟಿಯಿಂದ ಬಂಕಾಪುರ, ಹಾನಗಲ್ಲ, ಬಾಡ ಮೂರನ್ನೂ ತೆಗೆಯಿರಿ. ಅವು ಹಾವೇರಿ ಜಿಲ್ಲೆಯವು, ಹುಬ್ಬಳ್ಳಿಯಿಂದ ಬೇರೆಯೇ ದಾರಿ. ಅದಕ್ಕೆ ಇನ್ನೊಂದು ದಿನ ಇಡಿ, ಕೊನೆಯಲ್ಲಿ ಹೇಳುತ್ತೇನೆ. ಉಳಿದ ಐದು ಊರುಗಳಲ್ಲಿ ನಿಮ್ಮ ಮುಂಜಾನೆಯ ಹೊತ್ತು ಪೂರ್ತಿ ಸಲ್ಲಬೇಕಾದದ್ದು ಲಕ್ಕುಂಡಿಗೆ. ಮಕ್ಕಳನ್ನು ಕರೆದುಕೊಂಡು ಗುಡಿ ನೋಡುವಾಗ ನಾನು ಬಿಡದೆ ಹೇಳುವ ಮಾತು ಒಂದೇ: ಮುಂಜಾನೆ ಒಂದು ಊರು, ಸಂಜೆ ಒಂದು ಗುಡಿ. ಇದಕ್ಕಿಂತ ಹೆಚ್ಚು ಹೇರಿದರೆ ಬಾದಾಮಿಯಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ.

ಬಾದಾಮಿಯಲ್ಲಿ ಆದದ್ದಕ್ಕೆ ಮಕ್ಕಳ ಹಟ ಕಾರಣವಲ್ಲ. ಐದು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ. ನಾವು ಕೈ ಮಾಡಿ ತೋರಿಸುವ ಶಿಲ್ಪ, ಭುವನೇಶ್ವರಿ (ಮಾಳಿಗೆಯ ಕೆತ್ತನೆ), ಶಿಖರ ಎಲ್ಲವೂ ಅದರ ತಲೆಯ ಮೇಲೆ ಎಲ್ಲೋ ಇರುತ್ತವೆ. ಹೊರಗಿನ ಬಿಸಿಲಿನಿಂದ ಕತ್ತಲೆಯ ಗರ್ಭಗುಡಿಯ ಮುಂದೆ ನಿಂತರೆ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಅಷ್ಟರೊಳಗೆ ದೊಡ್ಡವರು "ಆತು, ನಡೀರಿ" ಅಂದಿರುತ್ತಾರೆ. ಕಾಲು ಸುಡುತ್ತದೆ, ಹಸಿವಾಗುತ್ತದೆ, ಎರಡನೆಯ ಗುಡಿ ಮೊದಲನೆಯದರ ಹಾಗೇ ಕಾಣುತ್ತದೆ. ಮೂರನೆಯದರಲ್ಲಿ ಅಳದೆ ಇನ್ನೇನು ಮಾಡಬೇಕು?

ಹೊರಡುವ ವಾರದಲ್ಲಿ ಮನೆಯಲ್ಲೇ ಎರಡು ಕೆಲಸ ಮಾಡಿ.

ಮೊದಲನೆಯದಕ್ಕೆ ಪಾಟಿ ಮೇಲೆ ಬರೆಯುವ ಬಳಪ ಸಾಕು. ಬಳಪ ಮತ್ತು ಸೇಫ್ಟಿ ಪಿನ್ನು ಮಗಳ ಕೈಗೆ ಕೊಟ್ಟು ಒಂದು ಬಳ್ಳಿ, ಎರಡು ಎಲೆ ಕೊರೆಯಲು ಹೇಳಿ. ನೀವು ಪಕ್ಕದಲ್ಲಿ ಕೂತರೆ ಮಗನೂ ಒಂದೆರಡು ಗೆರೆ ಎಳೆಯಬಹುದು. ಬಾದಾಮಿಯದು ಕೆಂಪು ಮರಳುಗಲ್ಲು, ಹರಳು ಉರುಟು. ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಕೊರೆಯಹೋದರೆ ಅಂಚು ಉದುರುತ್ತದೆ. ಲಕ್ಕುಂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಸಿದ್ದು ಬಳಪದ ಜಾತಿಯ ಮೆತ್ತನೆಯ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ-ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಪಿನ್ನಿನಿಂದ ಬಳಪ ಕೊರೆದ ಮಗು ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಮುಂದೆ ತಾನಾಗಿ ನಿಲ್ಲುತ್ತದೆ.

ಎರಡನೆಯದು ಹುಡುಕಾಟದ ಕಾರ್ಡು. ಪೋಸ್ಟ್ ಕಾರ್ಡಿನಷ್ಟು ರಟ್ಟಿನ ಮೇಲೆ ಹುಡುಕಬೇಕಾದ ಐದು ವಸ್ತು ಬರೆಯಿರಿ. ಮಗನ ಕಾರ್ಡಿನಲ್ಲಿ ಬರಹದ ಬದಲು ಚಿತ್ರವಿರಲಿ. ಬಾಯಿ ತೆರೆದ ಕೀರ್ತಿಮುಖ (ಸಿಂಹದಂಥ ಮುಖ), ಮಕರ (ಮೊಸಳೆಯಂಥ ಪ್ರಾಣಿ), ಸುರುಳಿ ಸುತ್ತಿದ ಬಳ್ಳಿ, ಉಂಗುರ ಉಂಗುರವಾಗಿ ಕಡೆದ ಕಂಬ, ಗೋಡೆಯ ಮೇಲೆ ಗುಡಿಯದೇ ಪುಟ್ಟ ಮಾದರಿಯಂತೆ ಕೊರೆದ ಗೋಪುರ. ಐದಕ್ಕಿಂತ ಹೆಚ್ಚು ಬೇಡ, ಹತ್ತು ಬರೆದರೆ ಅದು ಪರೀಕ್ಷೆ ಆಗಿಬಿಡುತ್ತದೆ. ಕಂಡದ್ದಕ್ಕೆ ಪೆನ್ಸಿಲಿನಿಂದ ಗುರುತು ಹಾಕಲಿ. ಪೆನ್ನು ಬೇಡ, ಅದು ಯಾವಾಗ ಕಲ್ಲಿನ ಮೇಲೆ ಹೋಗುತ್ತದೋ ಹೇಳಲಾಗುವುದಿಲ್ಲ.

ಶನಿವಾರ ಮುಂಜಾನೆ 7ಕ್ಕೆ ಹುಬ್ಬಳ್ಳಿ ಬಿಡಿ. ಗದಗಿಗೆ ಸುಮಾರು 58 ಕಿಲೋಮೀಟರ್, ಅಲ್ಲಿಂದ ಲಕ್ಕುಂಡಿ ಇನ್ನು 12. ದಾರಿಯಲ್ಲಿ ಅಣ್ಣಿಗೇರಿ ಬರುತ್ತದೆ. ಅಮೃತೇಶ್ವರ ಗುಡಿ ಚೆನ್ನಾಗಿದೆ, "ಹತ್ತ ನಿಮಿಷ ನೋಡಿ ಬರೋಣ" ಅನಿಸುತ್ತದೆ. ಇಳಿಯಬೇಡಿ. ಹತ್ತು ನಿಮಿಷ ಮುಕ್ಕಾಲು ತಾಸಾಗುತ್ತದೆ, ಮಕ್ಕಳ ದಿನದ ಮೊದಲ ಹುರುಪು ಅಲ್ಲೇ ಖರ್ಚಾಗುತ್ತದೆ. ಗದಗಿನಲ್ಲಿ ನಾಷ್ಟಾ ಮಾಡಿಸಿ, ಅಲ್ಲೇ ಎಲ್ಲರೂ ಶೌಚಾಲಯಕ್ಕೆ ಹೋಗಿ ಬನ್ನಿ. ಲಕ್ಕುಂಡಿಯ ಗುಡಿಗಳು ಊರೊಳಗೆ ಹರಡಿಕೊಂಡಿವೆ, ಬೇಕಾದ ಹೊತ್ತಿಗೆ ಸೌಕರ್ಯ ಹತ್ತಿರ ಇರುತ್ತದೆಂದು ನಂಬಿ ಹೋಗಬಾರದು. ಗಾಡಿಯಲ್ಲಿ ಮಗನಿಗೆ ವಾಂತಿ ಬರುವ ಸ್ವಭಾವ ಇದ್ದರೆ ಮನೆಯಿಂದ ಹೊರಡುವಾಗ ಹಾಲು ಕುಡಿಸಬೇಡಿ, ಮೊಬೈಲ್ ಕೊಡಬೇಡಿ. ಎದುರಿನ ದಾರಿ ಕಾಣುವಂತೆ ಹಿಂದಿನ ಸೀಟಿನ ನಡುವೆ ಬೆಲ್ಟ್ ಹಾಕಿ ಕೂಡಿಸಿ.

ಲಕ್ಕುಂಡಿಗೆ 101 ಗುಡಿ, 101 ಬಾವಿ ಅನ್ನುವ ಮಾತು ಮಕ್ಕಳ ಕಿವಿಗೆ ಬೀಳುತ್ತದೆ. ಅಷ್ಟೂ ನೋಡಬೇಕೆಂಬ ಹೆದರಿಕೆ ಮೊದಲೇ ತೆಗೆಯಿರಿ: "ನಾವು ನೋಡೂದು ಮೂರು ಗುಡಿ, ಒಂದು ಬಾವಿ." ಎಷ್ಟು ಉಳಿದಿದೆ ಅನ್ನುವುದು ಗೊತ್ತಿದ್ದ ಮಗು ಸಮಾಧಾನದಿಂದ ಇರುತ್ತದೆ.

ಮೊದಲು ಕಾಶಿವಿಶ್ವೇಶ್ವರ. ಒಂದೇ ಜಗಲಿಯ ಮೇಲೆ ಎರಡು ಗುಡಿ ಎದುರುಬದುರಾಗಿ ನಿಂತಿವೆ. ದೊಡ್ಡದು ಶಿವನದು, ಅದಕ್ಕೆ ಮುಖ ಮಾಡಿರುವ ಸಣ್ಣದು ಸೂರ್ಯನದು. ಇಲ್ಲಿ ಟಾರ್ಚ್ ಬೇಕು. ಬಾಗಿಲವಾಡದ ಮೇಲೆ ಬೆಳಕನ್ನು ನೇರವಾಗಿ ಬಿಟ್ಟರೆ ಎಲ್ಲವೂ ಸಪಾಟಾಗಿ ಕಾಣುತ್ತದೆ. ಟಾರ್ಚನ್ನು ಗೋಡೆಗೆ ಹತ್ತಿರ, ಪಕ್ಕದಿಂದ ಹಿಡಿದು ಬೆಳಕು ಓರೆಯಾಗಿ ಹರಿಯುವಂತೆ ಮಾಡಿ. ಬಳ್ಳಿಯ ಪ್ರತಿ ತಿರುವಿಗೂ ನೆರಳು ಬಿದ್ದು ಕೆತ್ತನೆ ಎದ್ದು ನಿಲ್ಲುತ್ತದೆ. ಟಾರ್ಚ್ ಹಿಡಿಯುವ ಕೆಲಸ ಮಗನಿಗೇ ಕೊಡಿ. ಕಂಬಗಳನ್ನು ತೋರಿಸುವಾಗ ಕಲ್ಲನ್ನೇ ತಿರುಗಿಸಿ ಅದಕ್ಕೆ ಉಳಿ ತಾಗಿಸಿ ಕಡೆದದ್ದು ಎಂದು ಹೇಳಿ. ಬಡಗಿಯ ಚರಕಿ ಕಂಡಿರುವ ಮಗುವಿಗೆ ಉಂಗುರಗಳು ಅಷ್ಟು ಸಮ ಹೇಗಾದವು ಅನ್ನುವುದು ತಟ್ಟನೆ ಹೊಳೆಯುತ್ತದೆ. ಮುಟ್ಟದೆ ಬೆರಳನ್ನು ಗಾಳಿಯಲ್ಲೇ ಆಡಿಸಲು ಕಲಿಸಿ. ಕೈಯ ಬೆವರು, ಎಣ್ಣೆ ಇಳಿದು ಈ ಕಲ್ಲು ಕಪ್ಪಾಗಿ ನುಣುಪಾಗುತ್ತದೆ, ಸಣ್ಣ ಅಂಚು ಸವೆಯುತ್ತದೆ.

ಹತ್ತಿರದಲ್ಲೇ ನನ್ನೇಶ್ವರ ಗುಡಿ. ಇಲ್ಲಿ ವಿವರಣೆ ಬೇಡ, ಆಟ ಸಾಕು. ಈಗ ನೋಡಿ ಬಂದ ಗುಡಿಗೂ ಇದಕ್ಕೂ ವ್ಯತ್ಯಾಸ ಏನೆಂದು ಐದು ಹೇಳಬೇಕು. ಇದು ಸಣ್ಣದು, ಕೆಲಸ ಸರಳ. ಕಾಶಿವಿಶ್ವೇಶ್ವರ ಕಟ್ಟುವ ಮೊದಲು ಕೈ ಪಳಗಿಸಿಕೊಂಡಂತೆ ಕಾಣುತ್ತದೆ. ಹದಿನೈದು ನಿಮಿಷ ಸಾಕು.

ಆಮೇಲೆ ಬ್ರಹ್ಮ ಜಿನಾಲಯ. 1007ರಲ್ಲಿ ಇದನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ, ಕವಿ ರನ್ನನಿಗೆ ಆಸರೆಯಾದವಳು. ಮಕ್ಕಳಿಗೆ ಇಸವಿ ಹೇಳಬೇಡಿ. ಅಚ್ಚು ಇಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣವನ್ನು ಓಲೆಗರಿಯ ಮೇಲೆ ಸಾವಿರ ಪ್ರತಿ ಬರೆಸಿ ಹಂಚಿದವಳು ಎಂದು ಹೇಳಿ. ಹತ್ತು ವರ್ಷದ ಮಗಳಿಗೆ ಶಾಲೆಯಲ್ಲಿ ಒಂದು ಪಾಠ ಕಾಪಿ ಬರೆದ ಬೇಸರ ನೆನಪಿರುತ್ತದೆ, ಸಾವಿರ ಪ್ರತಿ ಅಂದರೆ ಏನೆಂದು ಅವಳಿಗೆ ನಮಗಿಂತ ಚೆನ್ನಾಗಿ ತಿಳಿಯುತ್ತದೆ. ಒಳಗೆ ನಾಲ್ಕು ಮುಖದ ಬ್ರಹ್ಮನ ವಿಗ್ರಹ ಇದೆ. ಮಗನಿಗೆ ಮುಖ ಎಣಿಸುವ ಕೆಲಸ ಕೊಡಿ, ಹಿಂದಿನ ಮುಖಕ್ಕಾಗಿ ಅವನು ಪಕ್ಕಕ್ಕೆ ಸರಿದು ಇಣುಕುತ್ತಾನೆ. ಪುರಾತತ್ವ ಇಲಾಖೆಯ ಶಿಲ್ಪ ಗ್ಯಾಲರಿಯೂ ಊರಲ್ಲಿದೆ. ಇಲಾಖೆಯ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ, ನೀವು ಶನಿವಾರ ಹೋಗುವುದರಿಂದ ತೊಂದರೆ ಇಲ್ಲ. ಆದರೆ ಮಕ್ಕಳು ಆಗಲೇ ದಣಿದಿದ್ದರೆ ಗ್ಯಾಲರಿ ಬಿಟ್ಟುಬಿಡಿ, ಬಾವಿ ಬಿಡಬೇಡಿ.

ಬಾವಿ ಅಂದರೆ ಮಾಣಿಕೇಶ್ವರ ಗುಡಿಗೆ ಅಂಟಿಕೊಂಡಿರುವ ಮುಸುಕಿನ ಬಾವಿ. ಮೂರು ಕಡೆಯಿಂದ ಮೆಟ್ಟಿಲು ಇಳಿಯುತ್ತವೆ, ಗೋಡೆಗಳಲ್ಲಿ ಸಣ್ಣ ಗುಡಿಯಂಥ ಗೂಡುಗಳಿವೆ. ಮಕ್ಕಳು ಲಕ್ಕುಂಡಿಯಲ್ಲಿ ಬಹಳ ದಿನ ನೆನಪಿಟ್ಟುಕೊಳ್ಳುವುದು ಇದನ್ನೇ. ಹೆಚ್ಚು ಎಚ್ಚರ ಬೇಕಾದ ಜಾಗವೂ ಇದೇ. ಮೆಟ್ಟಿಲು ಅಗಲ ಕಿರಿದು, ಎತ್ತರ ಜಾಸ್ತಿ, ಮಗುವಿನ ಕಾಲಿಗೆ ಅಳತೆ ಹೊಂದುವುದಿಲ್ಲ. ನೀರಿನ ಹತ್ತಿರದ ಕಲ್ಲಿನ ಮೇಲೆ ಪಾಚಿ ಇರುತ್ತದೆ. ಒಂದು ಮಗುವಿಗೆ ಒಬ್ಬ ದೊಡ್ಡವರು, ಮುಂಗೈ ಹಿಡಿದು, ದೊಡ್ಡವರು ಒಂದು ಮೆಟ್ಟಿಲು ಕೆಳಗೆ ಇರಬೇಕು. ಮೇಲೆ ನಿಂತು ಹಿಡಿದರೆ ಮಗು ಜಾರಿದಾಗ ಇಬ್ಬರೂ ಮುಗ್ಗರಿಸುತ್ತೀರಿ. ಹಸಿ ಗೆರೆ ಕಂಡ ಮೆಟ್ಟಿಲಿಗಿಂತ ಕೆಳಗೆ ಇಳಿಯಬೇಡಿ. ಫೋಟೋ ತೆಗೆಯುವವರು ಮೇಲೇ ನಿಂತು ತೆಗೆಯಲಿ, ಬಾವಿಯ ಅಂಚಿನಲ್ಲಿ ಹಿಂದೆ ಸರಿಯುತ್ತ ತೆಗೆಯುವ ಫೋಟೋದಿಂದಲೇ ಅನಾಹುತ ಆಗುವುದು. ಅತ್ತೆಯವರು ಇಲ್ಲಿ ಇಳಿಯುವುದು ಬೇಡ. ಮಡಚುವ ಸ್ಟೂಲು ಒಂದು ಡಿಕ್ಕಿಯಲ್ಲಿ ಇರಲಿ, ಮೇಲೆ ನೆರಳಲ್ಲಿ ಕೂತು ಮೊಮ್ಮಗ "ಆಯಿ, ನಾ ಎಷ್ಟ ಮೆಟ್ಟಲಾ ಇಳದೆ ಹೇಳು" ಅಂದಾಗ ಎಣಿಸಲಿ.

ಇಷ್ಟಕ್ಕೆ 11.30 ಆಗುತ್ತದೆ. ಅಲ್ಲಿಗೆ ನಿಲ್ಲಿಸಿ. ಡಿಸೆಂಬರಿನಲ್ಲೂ ಹನ್ನೊಂದರ ನಂತರ ಅಂಗಳದ ಕಪ್ಪು ಕಲ್ಲು ಕಾಯುತ್ತದೆ. ಚಪ್ಪಲಿ ಹೊರಗೆ ಬಿಡಬೇಕಾದ ಕಡೆ ಎಲ್ಲರಿಗೂ ದಪ್ಪ ಹತ್ತಿಯ ಕಾಲುಚೀಲ ಹಾಕಿಸಿ. ನೈಲಾನ್ ಬೇಡ, ನುಣುಪು ಕಲ್ಲಿನ ಮೇಲೆ ಜಾರುತ್ತದೆ. ಮೆಟ್ಟಿಲ ಬಾವಿಗೆ ಮಾತ್ರ ಕಾಲುಚೀಲವೂ ಬೇಡ. ಗುಡಿಯ ಶಿಖರದಲ್ಲಿ ಹೆಜ್ಜೇನಿನ ಗೂಡು ಕಂಡರೆ ಸದ್ದಿಲ್ಲದೆ ದೂರ ಸರಿಯಿರಿ, ಅಲ್ಲಿ ಊದಿನಕಡ್ಡಿ ಹಚ್ಚಬೇಡಿ, ಮಕ್ಕಳು ಕಲ್ಲು ಎಸೆಯದಂತೆ ಮೊದಲೇ ಹೇಳಿಡಿ.

ಬುತ್ತಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪ್ರವಾಸ ಕೆಡುವುದು ಬಹಳಷ್ಟು ಸಲ ಹೊಟ್ಟೆಯಿಂದ. ಮೊಸರನ್ನ ಒಯ್ಯುವವರು ಮುಂಜಾನೆಯೇ ಪೂರ್ತಿ ಮೊಸರು ಕಲಸಿದರೆ ಮಧ್ಯಾಹ್ನಕ್ಕೆ ಹುಳಿ ಬಂದಿರುತ್ತದೆ, ಮಕ್ಕಳು ಮುಟ್ಟುವುದಿಲ್ಲ. ಒಂದು ಬಟ್ಟಲು ಅಕ್ಕಿಯ ಅನ್ನವನ್ನು ಮೆತ್ತಗೆ ಮಾಡಿ ಹಿಸುಕಿ, ಆರಿದ ಮೇಲೆ ಕಾಯಿಸಿ ಆರಿಸಿದ ಹಾಲು ಒಂದೂವರೆ ಬಟ್ಟಲು, ಮೊಸರು ಒಂದು ದೊಡ್ಡ ಚಮಚ ಹಾಕಿ ಕಲಸಿ. ಮಧ್ಯಾಹ್ನದ ಹೊತ್ತಿಗೆ ಡಬ್ಬಿಯಲ್ಲೇ ಹೆಪ್ಪಾಗಿ ಸರಿಯಾದ ಹದಕ್ಕೆ ಬರುತ್ತದೆ. ಬಿಸಿ ಇರುವಾಗ ಡಬ್ಬಿ ಮುಚ್ಚಬೇಡಿ. ಚಪಾತಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ಎರಡು ದಿನಕ್ಕೂ ಚಿಂತೆಯಿಲ್ಲ. ಹತ್ತು ಗಂಟೆಗೆ ಒಂದು ಬಾಳೆಹಣ್ಣು ಅಥವಾ ಉಂಡಿ ಕೊಡುವುದನ್ನು ಮರೆಯಬೇಡಿ. ಗದಗಿನ ಮಿರ್ಚಿ-ಭಜಿ, ಗಿರಮಿಟ್ ಸಂಜೆಗೆ ಇರಲಿ, ಬಿಸಿಲಿಗೆ ಹೋಗುವ ಮುಂಚೆ ಅಲ್ಲ. ನೀರು ತಲೆಗೆ ಒಂದೂವರೆ ಲೀಟರ್. ಓಆರ್‌ಎಸ್ ಪ್ಯಾಕೆಟ್ ಇಟ್ಟುಕೊಳ್ಳಿ, ಆದರೆ ಒಂದು ಲೀಟರಿನ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಲೋಟಕ್ಕೆ ಅಂದಾಜಿನಲ್ಲಿ ಸುರಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಕೆಡುಕೇ ಆಗುತ್ತದೆ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಣ್ಣ ಚಮಚದಲ್ಲಿ ಸಮತಟ್ಟಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಊಟ ಮುಗಿಸಿ ಗದಗಿನಲ್ಲಿ ರೂಮಿಗೆ ಹೋಗಿ 3.30ರ ತನಕ ಮಲಗಿ. ಇದು ವ್ಯರ್ಥ ಹೊತ್ತಲ್ಲ. ಪೂಜೆ ನಡೆಯುವ ಗುಡಿಗಳು ಹೇಗೂ ಮಧ್ಯಾಹ್ನ ಬಾಗಿಲು ಹಾಕಿರುತ್ತವೆ. ರೂಮು ಹಿಡಿಯುವಾಗ ಅತ್ತೆಯವರಿಗಾಗಿ ಕೆಳಗಿನ ಅಂತಸ್ತು ಇಲ್ಲವೇ ಲಿಫ್ಟು ಮತ್ತು ಕೂರುವ ಕಮೋಡು ಇದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ.

ಸಂಜೆಗೆ ಡಂಬಳದ ದೊಡ್ಡಬಸಪ್ಪ ಗುಡಿ ಒಂದೇ ಸಾಕು. ಗದಗಿನಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಗಣಿತ ಇಷ್ಟಪಡುವ ನಿಮ್ಮ ಮಗಳಿಗೆ ಈ ಕಡೆ ಇದಕ್ಕಿಂತ ಒಳ್ಳೆಯ ಗುಡಿ ಇಲ್ಲ. ಗರ್ಭಗುಡಿಯ ಹೊರಗೋಡೆ 24 ಮೂಲೆಯ ನಕ್ಷತ್ರ. ಅದು ಹೇಗೆ ಬಂತೆಂದು ಮಧ್ಯಾಹ್ನ ರೂಮಿನಲ್ಲೇ ಕಾಗದದಿಂದ ಮಾಡಿಸಿ: ಒಂದೇ ಅಳತೆಯ ಆರು ಚೌಕ ಕತ್ತರಿಸಿ, ನಡುವಿನ ಬಿಂದುವಿಗೆ ಎಲ್ಲದಕ್ಕೂ ಸೇರಿಸಿ ಒಂದು ಗುಂಡುಪಿನ್ನು ಚುಚ್ಚಿ, ಒಂದೊಂದನ್ನೂ ಹಿಂದಿನದಕ್ಕಿಂತ 15 ಡಿಗ್ರಿ ತಿರುಗಿಸಿ. ಚೌಕಕ್ಕೆ ನಾಲ್ಕು ಮೂಲೆ, ಆರು ಚೌಕಕ್ಕೆ ಇಪ್ಪತ್ನಾಲ್ಕು. ಏಳನೆಯದನ್ನು ತಿರುಗಿಸಿದರೆ 90 ಡಿಗ್ರಿ ಆಗಿ ಮೊದಲನೆಯದರ ಮೇಲೇ ಕೂರುತ್ತದೆ. ಡಂಬಳದಲ್ಲಿ ಗುಡಿಯ ಸುತ್ತ ನಡೆದು ಮೂಲೆ ಎಣಿಸಿದಾಗ ಅವಳಿಗೆ 24 ಸಿಗುವುದಿಲ್ಲ, ಕಡಿಮೆ ಬರುತ್ತದೆ. ತಪ್ಪು ಎಣಿಸಿದೆ ಎನ್ನಬೇಡಿ. ಮುಂದಿನ ಮಂಟಪ ಬಂದು ಕೂಡಿಕೊಂಡ ಕಡೆ ಕೆಲವು ಮೂಲೆ ಮರೆಯಾಗಿವೆ. ಎಷ್ಟು ಮರೆಯಾಗಿವೆ ಅನ್ನುವುದನ್ನು ಕಾಗದದ ನಕ್ಷತ್ರ ಇಟ್ಟುಕೊಂಡು ಅವಳೇ ಹೇಳಲಿ. ಮಗನಿಗೆ ಒಳಗಿನ ದೊಡ್ಡ ಬಸವಣ್ಣ ಸಾಕು.

ಕತ್ತಲಾಗುವಷ್ಟರಲ್ಲಿ ಗದಗಿಗೆ ಮರಳಿ. ದಣಿವಿಲ್ಲದಿದ್ದರೆ ವೀರನಾರಾಯಣ ಗುಡಿಗೆ ಅರ್ಧ ತಾಸು ಹೋಗಿ ಬನ್ನಿ. ಕುಮಾರವ್ಯಾಸ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಕಂಬದ ಹತ್ತಿರ ಕೂತು ಗದುಗಿನ ಭಾರತ ಬರೆಯುತ್ತಿದ್ದ, ಬಟ್ಟೆ ಆರಿದರೆ ಪದ್ಯ ನಿಲ್ಲುತ್ತಿತ್ತು ಅನ್ನುವ ಐತಿಹ್ಯವನ್ನು ಆ ಕಂಬದ ಮುಂದೆಯೇ ಹೇಳಿ. ತ್ರಿಕೂಟೇಶ್ವರವನ್ನು ಈ ಸಲ ಬಿಡಿ. ಒಂದೇ ಪೀಠದ ಮೇಲೆ ಮೂರು ಲಿಂಗ, ಪಕ್ಕದ ಸರಸ್ವತಿ ಗುಡಿಯ ಕಂಬಗಳು, ಬಿಡಲು ಮನಸ್ಸಾಗುವುದಿಲ್ಲ, ನಿಜ. ಆದರೆ ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ ಒಂದು ತಾಸಿನ ಆಚೀಚೆ ಅಷ್ಟೆ. ಯಾವ ಭಾನುವಾರವಾದರೂ ಹೋಗಿ ಬರಬಹುದು. 5 ತುಂಬದ ಮಗುವಿಗೆ ಟಿಕೆಟ್ ಬೇಡ. ನಿಮ್ಮ ಮಗನಿಗೆ 5 ತುಂಬಿರುವುದರಿಂದ ಜನರಲ್ ಬೋಗಿಗೆ ಅರ್ಧ ಟಿಕೆಟ್ ತೆಗೆಯಬೇಕು.

ಭಾನುವಾರ ಮಗನ ದಿನ. ಮಾಗಡಿ ಕೆರೆ ಗದಗಿನಿಂದ ಸುಮಾರು 26 ಕಿಲೋಮೀಟರ್, ಸೂರ್ಯೋದಯದ ಹೊತ್ತಿಗೆ ಅಲ್ಲಿರಬೇಕು. ಡಿಸೆಂಬರಿನಲ್ಲಿ ಅದು ಏಳರ ಸುಮಾರು. ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ನವೆಂಬರಿನಿಂದ ಫೆಬ್ರವರಿಯವರೆಗೆ ಇಲ್ಲಿರುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಗುರುತು ಸುಲಭ: ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕರಿ ಪಟ್ಟಿ. ಸೂರ್ಯ ಬೆನ್ನಿಗಿರುವಂತೆ ಕೆರೆಯ ಪೂರ್ವದ ಕಡೆ ನಿಲ್ಲಿ. ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕರಿ ಚುಕ್ಕಿ. ದುರ್ಬೀನು 8 ಪಟ್ಟಿನದು ಸಾಕು, ಅದಕ್ಕಿಂತ ಹೆಚ್ಚಿನದು ಮಕ್ಕಳ ಕೈಯಲ್ಲಿ ಅಲುಗಾಡುತ್ತದೆ. ಐದು ವರ್ಷದವನಿಗೆ ಎರಡು ಕಣ್ಣು ಕೂಡುವಷ್ಟು ಅದು ಮಡಚುವುದಿಲ್ಲ, "ಏನೂ ಕಾಣವಲ್ದು" ಅನ್ನುತ್ತಾನೆ. ಒಂದೇ ನಳಿಕೆಯಲ್ಲಿ ಒಂದೇ ಕಣ್ಣಿನಿಂದ ನೋಡಲು ಕಲಿಸಿ. ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಬೇಡ, ಓಡಬಾರದು. ಹಕ್ಕಿಗಳು ಕತ್ತು ಎತ್ತಿ ಒಂದೇ ಕಡೆ ನೋಡತೊಡಗಿದರೆ ನೀವು ಹೆಚ್ಚು ಹತ್ತಿರ ಹೋಗಿದ್ದೀರಿ ಎಂದರ್ಥ, ಅಲ್ಲೇ ನಿಲ್ಲಿ.

ಅಲ್ಲಿಂದ ಲಕ್ಷ್ಮೇಶ್ವರ ಹನ್ನೊಂದು ಕಿಲೋಮೀಟರ್. ಹಳಗನ್ನಡದ ಪುಲಿಗೆರೆ ಇದೇ, ಕವಿರಾಜಮಾರ್ಗ ತಿರುಳ್ಗನ್ನಡದ (ಅಚ್ಚ ಕನ್ನಡದ) ಸೀಮೆ ಹೇಳುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಒಂದು. ಸೋಮೇಶ್ವರ ಗುಡಿಯಲ್ಲಿ ಶಿವ-ಪಾರ್ವತಿ ನಂದಿಯ ಮೇಲೆ ಸವಾರಿ ಕೂತ ಮೂರ್ತಿ ಇದೆ, ಮಕ್ಕಳಿಗೆ ಅದೊಂದನ್ನು ತೋರಿಸಿದರೆ ಸಾಕು. ಮಧ್ಯಾಹ್ನದ ಊಟಕ್ಕೆ ಹುಬ್ಬಳ್ಳಿ ಮುಟ್ಟುತ್ತೀರಿ. ಮಕ್ಕಳು ಭಾನುವಾರ ಸಂಜೆ ಮನೆಯಲ್ಲಿ ಇರಬೇಕು, ಸೋಮವಾರ ಶಾಲೆ ಇದೆ.

ಇನ್ನು ಹಾವೇರಿ ಕಡೆಯದು. ಒಂದು ದಿನ ಸಾಕು, ಕ್ರಮ ಮಾತ್ರ ಹೀಗಿರಲಿ. ಬಂಕಾಪುರಕ್ಕೆ ಮೊದಲು ಹೋಗಿ: ಕೋಟೆಯೊಳಗಿನ ನವಿಲುಧಾಮದಲ್ಲಿ ನವಿಲು ಕಾಣುವುದು ಮುಂಜಾನೆ ತಂಪಿನಲ್ಲಿ, ಬಿಸಿಲೇರಿದ ಮೇಲೆ ಪೊದೆ ಸೇರುತ್ತವೆ. ಅಲ್ಲೇ ಅರವತ್ತು ಕಂಬದ ನಗರೇಶ್ವರ ಗುಡಿ ಇದೆ. ಆಮೇಲೆ ಕನಕದಾಸರ ಬಾಡ. ಕೊನೆಗೆ ಶಿಗ್ಗಾವಿ ಹತ್ತಿರ ಹೆದ್ದಾರಿಯ ಮೇಲಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಅದನ್ನು ಮೊದಲು ತೋರಿಸಿದರೆ ಮಕ್ಕಳು ಅಲ್ಲಿಂದ ಏಳುವುದಿಲ್ಲ, ಕೊನೆಗೆ ಇಟ್ಟರೆ ಬೇಕಾದಷ್ಟು ಹೊತ್ತು ಬಿಡಬಹುದು, ಹುಬ್ಬಳ್ಳಿಗೆ ಮರಳುವ ದಾರಿಯಲ್ಲೇ ಇದೆ. ಹಾನಗಲ್ಲಿನ ತಾರಕೇಶ್ವರ ಈ ದಿನಕ್ಕೆ ಸೇರಿಸಬೇಡಿ. ಅದರ ಸೊಬಗು ಇರುವುದು ಮಂಟಪದ ಮಾಳಿಗೆಯ ದೊಡ್ಡ ಕಮಲದಲ್ಲಿ, ಅದನ್ನು ನೆಲಕ್ಕೆ ಚಾಪೆ ಹಾಸಿ ಅಂಗಾತ ಮಲಗಿ ನಿಧಾನವಾಗಿ ನೋಡಬೇಕು. ಮಗ ಎರಡು-ಮೂರು ವರ್ಷ ದೊಡ್ಡವನಾದ ಮೇಲೆ ಅದಕ್ಕೆಂದೇ ಹೋಗಿ.